ಕ್ರಾಮ್‌ವೆಲ್‌ನಿಂದ ಹೊಳೆಬಾಗಿಲಿಗೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕಳೆದ ಹದಿನಾರು ದಿನಗಳ ಪೈಕಿ ಕೊನೆಯ ದಿನದ ಬಗ್ಗೆಯೇ ನನಗೆ ಹೆಚ್ಚು ಬರೆಯಬೇಕೆನ್ನಿಸುತ್ತದೆ. ಮಿಲ್ಫರ್ಡ್ ಸೌಂಡಿನ ಜಲಪಾತಗಳನ್ನೂ ಕ್ವೀನ್ಸ್‌ಟೌನಿನ ಸರೋವರವನ್ನೂ ನೋಡಿ ಬಂದು ಬರೆದವರು ಬಹಳ ಮಂದಿ ಇದ್ದಾರೆ. ಆದರೆ ಶರಾವತಿ ಹಿನ್ನೀರಿನ ಆಚೆಯ ಕರೂರು ಹೋಬಳಿಯಲ್ಲಿ ಹುಟ್ಟಿ, ಅಲ್ಲೇ ಅಡಿಕೆ ತೋಟ ಮಾಡಿಕೊಂಡಿರುವ ನನಗೆ, ಊರಿನ ಕಡೆ ಮುಖ ಮಾಡಿದ ಮೇಲೆ ಕಂಡದ್ದೇ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿದೆ. ಡಿಸೆಂಬರ್ ಎರಡನೆಯ ವಾರದಲ್ಲಿ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು, ನಮ್ಮ ತೋಟಕ್ಕೆ ಬರುವುದೆಂದು ಮೊದಲೇ ನಿಗದಿಯಾಗಿತ್ತು. ಕೊನೆಗಾರರ ದಿನ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದು ಎಷ್ಟು ಕಷ್ಟವೆಂಬುದು ಮಲೆನಾಡಿನ ಅಡಿಕೆ ಬೆಳೆಗಾರರೆಲ್ಲರಿಗೂ ಗೊತ್ತು. ಹಾಗಾಗಿ ಇನ್ನೆರಡು ದಿನ ಇರಿ ಎಂದು ತಂಗಿ ಎಷ್ಟು ಒತ್ತಾಯಿಸಿದರೂ ನಾವು ಹೊರಡಲೇಬೇಕಾಯಿತು.

ಮರಳುವ ದಾರಿಯ ಮೊದಲ ದಿನ: ಕ್ರಾಮ್‌ವೆಲ್‌ನಿಂದ ಕ್ರೈಸ್ಟ್‌ಚರ್ಚ್‌ಗೆ

ತಂಗಿ ಕ್ರೈಸ್ಟ್‌ಚರ್ಚ್‌ನಲ್ಲಿ ನರ್ಸ್ ಆಗಿದ್ದಾಳೆ. ಅವಳ ಕಾರನ್ನೇ ತೆಗೆದುಕೊಂಡು ನಾನು, ನನ್ನ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳು ದ್ವೀಪದ ದಕ್ಷಿಣ ಭಾಗವನ್ನು ಸುತ್ತಿ, ಕೊನೆಯ ರಾತ್ರಿಯನ್ನು ಸೆಂಟ್ರಲ್ ಒಟಾಗೊ ಪ್ರಾಂತದ ಕ್ರಾಮ್‌ವೆಲ್ ಎಂಬ ಸಣ್ಣ ಪೇಟೆಯಲ್ಲಿ ಕಳೆದಿದ್ದೆವು. ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುವುದರಿಂದ, ಇಂಗ್ಲಿಷಿನಲ್ಲಿ ಮುದ್ರಿತವಾದ ನಮ್ಮ ಚಾಲನಾ ಪರವಾನಗಿಯೂ ನಡೆಯುವುದರಿಂದ ಕಾರು ಓಡಿಸುವುದು ನನಗೆ ಕಷ್ಟವಾಗಲಿಲ್ಲ. ಕ್ರೈಸ್ಟ್‌ಚರ್ಚ್‌ಗೆ ನಾನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದುದರಿಂದ ಬೇಗ ಹೊರಡುವ ಯೋಚನೆಯಿತ್ತು. ಆದರೆ ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ, ಬೆಳಗಿನ ಆರು ಗಂಟೆಗೆಲ್ಲ ಚೆನ್ನಾಗಿ ಬೆಳಕಾಗಿರುತ್ತದೆ. ಆ ಬೆಳಕಿನಲ್ಲಿ ಒಮ್ಮೆ ಹಳೆಯ ಪೇಟೆಯನ್ನು ನೋಡಿಕೊಂಡು ಬರೋಣವೆಂದು ಹೋದವರು ಅಲ್ಲಿಯೇ ಎರಡು ಗಂಟೆ ಕಾಲ ನಿಂತುಬಿಟ್ಟೆವು.

ಪೇಟೆಗೆ ಬರುವ ದಾರಿಯಲ್ಲಿ ಸೇಬು, ಪೇರ್, ನೆಕ್ಟರಿನ್ ಮತ್ತು ಆಪ್ರಿಕಾಟ್ ಹಣ್ಣುಗಳ ಆಳೆತ್ತರ ಮೀರಿದ ಪ್ರತಿಮೆಗಳು ನಿಂತಿವೆ, ಬರುವವರೆಲ್ಲ ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಸ್ವಲ್ಪ ಕೆಳಗೆ ಸರೋವರದ ದಂಡೆಯಲ್ಲಿರುವ ಹಳೆಯ ಪೇಟೆಯತ್ತ ಮುಂಜಾನೆ ಯಾರೂ ಹೋಗುವುದಿಲ್ಲ. ಕಲ್ಲಿನ ಗೋಡೆಯ ಒಂದೊಂದು ಅಂಕಣದ ಅಂಗಡಿಗಳು, ಧಾನ್ಯ ಮಾರುತ್ತಿದ್ದ ಮಳಿಗೆ, ಕುದುರೆ ಲಾಯ, ಅವುಗಳ ನಡುವೆ ಜಲ್ಲಿ ಹಾಸಿದ ಒಂದು ಕಿರಿದಾದ ದಾರಿ. ಗೋಡೆಯ ಕಲ್ಲುಗಳು ತೆಳುವಾದ ಹಾಳೆಗಳಂತಿದ್ದು, ಒಂದರ ಮೇಲೊಂದು ಅಡ್ಡಡ್ಡವಾಗಿ ಕೂತಿದ್ದವು. ಮಗಳು ಕೈಯಿಟ್ಟು ನೋಡಿದಾಗ ಅದರ ಅಭ್ರಕದ ಹೊಳಪು ಅವಳ ಬೆರಳಿಗೂ ಹತ್ತಿತು. ದಾರಿಯ ಕೊನೆಗೆ ನೀರು. ಡನ್‌ಸ್ಟನ್ ಸರೋವರ ಅಲುಗಾಡದೆ ಮಲಗಿತ್ತು, ದಂಡೆಯ ಹುಲ್ಲು ನೀರಿನ ಅಂಚಿನವರೆಗೂ ಹಸಿರಾಗಿ ಇಳಿದಿತ್ತು.

1862ರಲ್ಲಿ ಇಲ್ಲಿನ ನದಿಪಾತ್ರದಲ್ಲಿ ಚಿನ್ನ ಸಿಕ್ಕಿದ ಮೇಲೆ ಬೆಳೆದ ಪೇಟೆ ಇದು. ಕ್ಲೂಥಾ ಮತ್ತು ಕವಾರಾವ್ ಎಂಬ ಎರಡು ನದಿಗಳು ಕೂಡುವ ಸಂಗಮದಲ್ಲಿತ್ತು. ಒಂದರ ನೀರು ಹಸಿರು ಬೆರೆತ ನೀಲಿ, ಇನ್ನೊಂದರದು ಮಣ್ಣಿನ ಬಣ್ಣ, ಎರಡೂ ಸೇರಿ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುತ್ತಿದ್ದವೆಂದು ಹಳೆಯ ಚಿತ್ರಗಳಲ್ಲಿ ಕಾಣುತ್ತದೆ. ಕೆಳಗೆ ಕ್ಲೈಡ್ ಎಂಬಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ, 1992-93ರಲ್ಲಿ ಹಂತಹಂತವಾಗಿ ನೀರು ತುಂಬಿಸಿದಾಗ ಸಂಗಮವೂ ಪೇಟೆಯ ಮುಖ್ಯ ಬೀದಿಯೂ ಮುಳುಗಿದವು. ಕೆಲವು ಕಟ್ಟಡಗಳನ್ನು ಬಿಚ್ಚಿ ತಂದು ಮೇಲೆ ಮತ್ತೆ ಕಟ್ಟಿದ್ದಾರೆ, ನಾವು ನೋಡುತ್ತಿದ್ದುದು ಅವನ್ನೇ. ಫಲಕದಲ್ಲಿ ಇದನ್ನು ಓದುತ್ತಾ ನನಗೆ ನಮ್ಮೂರಿನ ಒಂದೇ ಒಂದು ಶಬ್ದ ನೆನಪಾಯಿತು: ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅಪ್ಪನಿಗೆ ಹದಿನೇಳು ವರ್ಷ. ನಮ್ಮ ಕಡೆ ವಯಸ್ಸನ್ನಾಗಲಿ, ಮದುವೆಯನ್ನಾಗಲಿ, ಜಗಳವನ್ನಾಗಲಿ ಲೆಕ್ಕ ಹಾಕುವುದು ಇಸವಿಯಿಂದಲ್ಲ, ಮುಳುಗಡೆಗಿಂತ ಮೊದಲೋ ಆಮೇಲೋ ಎಂಬುದರಿಂದ. ಮನೆಯ ಕಂಬ, ಜಂತೆ, ಬಾಗಿಲವಾಡಗಳನ್ನು ಬಿಚ್ಚಿ ಗಾಡಿಗೆ ಹೇರಿ ಗುಡ್ಡ ಹತ್ತಿಸಿದ್ದನ್ನು ಅಪ್ಪ ಎಷ್ಟು ಬಾರಿ ಹೇಳಿದ್ದಾರೋ. ಈಗಿನ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿರುವ ನಾಲ್ಕು ಕಂಬಗಳು ಆ ಗಾಡಿಯಲ್ಲಿ ಬಂದವು.

ನಾಯಿಯನ್ನು ಓಡಾಡಿಸಲು ಬಂದಿದ್ದ ಎಪ್ಪತ್ತರ ಆಸುಪಾಸಿನ ಒಬ್ಬರು ನಮ್ಮನ್ನು ನೋಡಿ ನಿಂತು, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಅವರ ಮನೆತನದ ಹಣ್ಣಿನ ತೋಟ ಪಕ್ಕದ ಲೋಬರ್ನ್‌ನಲ್ಲಿತ್ತಂತೆ. ಆ ಊರೂ ಈಗ ನೀರಿನಡಿಯಲ್ಲಿದೆ. ಸರ್ಕಾರ ಜಮೀನನ್ನು ಕೊಂಡುಕೊಂಡ ಮೇಲೂ ನೀರು ಬರುವುದು ವರ್ಷಗಟ್ಟಲೆ ತಡವಾಯಿತು, ಕಮರಿಯ ಗುಡ್ಡಗಳು ಜಾರುವ ಭಯವಿದ್ದುದರಿಂದ ಸುರಂಗ ಕೊರೆದು ಒಳಗಿನ ನೀರನ್ನು ಬಸಿದ ಮೇಲೆಯೇ ತುಂಬಿಸಿದರು, ಆ ವರ್ಷಗಳಲ್ಲಿ ಯಾರೂ ನೋಡಿಕೊಳ್ಳದ ಆಪ್ರಿಕಾಟ್ ಮರಗಳು ತಮ್ಮಷ್ಟಕ್ಕೆ ಹಣ್ಣು ಬಿಟ್ಟು ಉದುರಿಸುತ್ತಿದ್ದವು ಎಂದು ಅವರು ಹೇಳಿದರು. ನೀರು ಏರತೊಡಗಿದ ಮೇಲೆ ಊರಿನವರೆಲ್ಲ ದಿನವೂ ಸಂಜೆ ಬಂದು ದಂಡೆಯಲ್ಲಿ ನಿಲ್ಲುತ್ತಿದ್ದರಂತೆ. ನಮ್ಮ ಊರೂ ಹೀಗೆಯೇ ಹೋಯಿತೆಂದು ನಾನು ಹೇಳಿದಾಗ ಅವರು ಬೇರೇನನ್ನೂ ಕೇಳಲಿಲ್ಲ. ನಿಮ್ಮದರಲ್ಲಿ ಯಾವ ಮರಗಳಿದ್ದವು ಎಂದಷ್ಟೇ ಕೇಳಿದರು. ಅಡಿಕೆ, ಹಲಸು, ಅಪ್ಪೆಮಿಡಿ ಮಾವು ಎಂದೆ. ಅಡಿಕೆ ಎಂದರೇನೆಂದು ವಿವರಿಸಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಡುವಾಗ ಅವರು ಮಗಳ ಕೈಗೆ ಜೇಬಿನಿಂದ ಎರಡು ಚೆರ್ರಿ ಹಣ್ಣುಗಳನ್ನು ಕೊಟ್ಟು, ದಾರಿಯಲ್ಲಿ ತೋಟದ ಗೇಟಿನ ಬಳಿ ಮಾರಲು ಇಟ್ಟಿರುತ್ತಾರೆ, ಪೇಟೆಯ ದೊಡ್ಡ ಅಂಗಡಿಯಲ್ಲಿ ಕೊಳ್ಳಬೇಡಿ ಎಂದರು.

ಅವರು ಹೇಳಿದಂತೆಯೇ ಮಾಡಿದೆವು. ಒಂದು ಗೇಟಿನ ಪಕ್ಕದಲ್ಲಿ ಮರದ ಸಣ್ಣ ಗೂಡು, ಅದರೊಳಗೆ ತೂಗಿ ಕಟ್ಟಿಟ್ಟ ಚೆರ್ರಿ ಪೊಟ್ಟಣಗಳು, ಪಕ್ಕದಲ್ಲಿ ದುಡ್ಡು ಹಾಕಲು ಬೀಗ ಹಾಕಿದ ಡಬ್ಬಿ, ಮಾರುವವರು ಯಾರೂ ಇಲ್ಲ. ಆ ಕಡೆ ಹೋಗುವವರು ಚಿಲ್ಲರೆ ನಾಣ್ಯಗಳನ್ನು ಇಟ್ಟುಕೊಂಡಿರುವುದು ಒಳ್ಳೆಯದು, ಏಕೆಂದರೆ ಹತ್ತು ಡಾಲರಿನ ನೋಟಿಗೆ ಚಿಲ್ಲರೆ ಕೊಡುವವರು ಅಲ್ಲಿರುವುದಿಲ್ಲ. ಚೆರ್ರಿಯ ಜೊತೆ ಕಾಡು ಥೈಮ್ ಹೂವಿನ ಜೇನಿನ ಒಂದು ಬಾಟಲಿಯೂ ಇತ್ತು. ಚಿನ್ನ ಹುಡುಕಲು ಬಂದವರು ತಂದು ನೆಟ್ಟ ಥೈಮ್ ಗಿಡ ಈಗ ಆ ಬರಡು ಗುಡ್ಡಗಳಲ್ಲಿ ತಾನಾಗಿಯೇ ಹಬ್ಬಿದೆ. ಜೇನೆಂದರೆ ಅಪ್ಪನಿಗೆ ಪ್ರಾಣ, ತುಡುವೆಯದೋ ಹೆಜ್ಜೇನೋ ಎಂಬುದನ್ನು ನಾಲಗೆಯ ತುದಿಯಲ್ಲೇ ಹೇಳುವವರು ಅವರು. ಅವರಿಗೆಂದು ಅದನ್ನು ಕೊಂಡು ನನ್ನ ಕೈಚೀಲದಲ್ಲಿಟ್ಟುಕೊಂಡೆ.

ಕ್ರಾಮ್‌ವೆಲ್‌ನಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡು ಲಿಂಡಿಸ್ ಕಣಿವೆದಾರಿ ಹಿಡಿದೆವು. 971 ಮೀಟರ್ ಎತ್ತರದ ಈ ಘಾಟಿಯಲ್ಲಿ ಮರವೆಂಬುದೇ ಇಲ್ಲ. ಟಸ್ಸಕ್ ಎಂಬ ಗೊಂಚಲು ಹುಲ್ಲು ಗುಡ್ಡದಿಂದ ಗುಡ್ಡಕ್ಕೆ ಹರಡಿ, ಜನವರಿಯಲ್ಲಿ ನಮ್ಮ ಕೊಡಚಾದ್ರಿಯ ನೆತ್ತಿಯ ಹುಲ್ಲು ತಿರುಗುವ ಬಣ್ಣವನ್ನು ವರ್ಷವಿಡೀ ಹೊದ್ದುಕೊಂಡಂತಿತ್ತು. ಗಾಳಿ ಬೀಸಿದಾಗ ಇಡೀ ಇಳಿಜಾರು ಒಮ್ಮೆಲೇ ಬಣ್ಣ ಬದಲಿಸುತ್ತಿತ್ತು. ನಾವು ಮೇಲೆ ನಿಂತಿದ್ದ ಕಾಲು ಗಂಟೆಯಲ್ಲಿ ಒಂದು ಲಾರಿ ಮಾತ್ರ ದಾಟಿಹೋಯಿತು.

ಘಾಟಿ ಇಳಿದ ಮೇಲೆ ಮೆಕೆಂಝಿ ಬಯಲು. ಟ್ವೈಝೆಲ್ ಎಂಬ ಪೇಟೆಯಲ್ಲಿ ಕಾಫಿಗೆಂದು ನಿಂತೆವು. ನೋಡಲು ಏನೂ ವಿಶೇಷವಿಲ್ಲದ, ಒಂದೇ ಅಳತೆಯ ಮರದ ಮನೆಗಳ ಊರು. ಆದರೆ ಕಾರ್ಗಲ್ಲಿನ ವಿದ್ಯುತ್ ಕಾಲೊನಿಯನ್ನು ಕಂಡವರಿಗೆ ಅದು ಕೂಡಲೇ ಪರಿಚಿತವೆನ್ನಿಸುತ್ತದೆ. ವೈಟಾಕಿ ನದಿಯ ಮೇಲ್ಭಾಗದ ವಿದ್ಯುತ್ ಯೋಜನೆಯ ಕೆಲಸಗಾರರಿಗಾಗಿ 1968ರಲ್ಲಿ ಕಟ್ಟಿದ ಊರು ಅದು. ಕೆಲಸ ಮುಗಿದ ಮೇಲೆ ಕಿತ್ತುಹಾಕುವುದೆಂದೇ ಇತ್ತು. ಆದರೆ ಅಲ್ಲಿ ಮಕ್ಕಳನ್ನು ಬೆಳೆಸಿದ ಜನ ಬಿಟ್ಟುಹೋಗಲು ಒಪ್ಪಲಿಲ್ಲ, ಹಟ ಹಿಡಿದು ಊರನ್ನು ಉಳಿಸಿಕೊಂಡರು. ಕಾಫಿ ಕೊಟ್ಟ ಹೆಂಗಸು, ತನ್ನ ತಂದೆ ಇಲ್ಲಿಗೆ ಎರಡು ವರ್ಷದ ಮಟ್ಟಿಗೆಂದು ಬಂದವರು ಕೊನೆಗೆ ಇಲ್ಲಿನ ಮಣ್ಣಿಗೇ ಸೇರಿದರೆಂದು ಹೇಳಿದಳು. ಬೆಟ್ಟದಿಂದ ಇಳಿದ ನೀರು ಕಾಲುವೆಗಳಲ್ಲಿ ಹಾದು ಒಂದಾದ ಮೇಲೊಂದರಂತೆ ಎಂಟು ವಿದ್ಯುದಾಗಾರಗಳಲ್ಲಿ ದುಡಿಯುತ್ತದೆ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ಒಮ್ಮೆ, ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರದಲ್ಲಿ ಒಮ್ಮೆ, ಮತ್ತೆ ಗೇರುಸೊಪ್ಪೆಯಲ್ಲಿ ಒಮ್ಮೆ ದುಡಿದೇ ಸಮುದ್ರ ಸೇರುವಂತೆ.

ಊರಿನ ಹೊರಗೆ ಹಕ್ಕಿಗಳನ್ನು ಮರಿ ಮಾಡಿಸಿ ಬಿಡುವ ಸರ್ಕಾರಿ ಕೇಂದ್ರವೊಂದಿದೆ. ಕಾಕೀ ಎಂಬ ಕಪ್ಪು ಮೆಟ್ಟುಗಾಲಿನ ಹಕ್ಕಿ 1981ರಲ್ಲಿ ಬರೀ 23 ಉಳಿದಿತ್ತು. ಅಂದಿನಿಂದ ಮೊಟ್ಟೆ ಕಾಪಾಡಿ, ಮರಿ ಸಾಕಿ ಹೊಳೆಪಾತ್ರಕ್ಕೆ ಬಿಡುತ್ತಿದ್ದಾರೆ. ಆ ಹೊತ್ತಿಗೆ ರಸ್ತೆಯ ಇಕ್ಕೆಲದಲ್ಲೂ ನೇರಳೆ, ಗುಲಾಬಿ, ಬಿಳಿ ಬಣ್ಣದ ಲೂಪಿನ್ ಹೂಗಳು ಮೊಳಕಾಲೆತ್ತರಕ್ಕೆ ಅರಳಿದ್ದವು. ನನ್ನ ಹೆಂಡತಿಗೆ ಅಷ್ಟು ಚಂದದ ಹೂವಿನ ಬಯಲನ್ನು ಬಿಟ್ಟು ಕದಲಲು ಮನಸ್ಸಿರಲಿಲ್ಲ. ಆದರೆ ಹೊರಗಿನಿಂದ ಬಂದ ಆ ಗಿಡ ಹೊಳೆಯ ಜಲ್ಲಿದಿಬ್ಬಗಳನ್ನು ಮುಚ್ಚಿ, ತೆರೆದ ಜಲ್ಲಿಯಲ್ಲೇ ಗೂಡು ಮಾಡುವ ಇಂಥ ಹಕ್ಕಿಗಳಿಗೆ ನೆಲೆಯಿಲ್ಲದಂತೆ ಮಾಡುತ್ತದೆ. ನಮ್ಮ ಸೊಪ್ಪಿನಬೆಟ್ಟಗಳಲ್ಲಿ ಹಬ್ಬಿರುವ ಅಕೇಶಿಯಾವನ್ನು ನೋಡಿ ಹಸಿರೆಂದು ಸಂತೋಷಪಡುವವರನ್ನು ಕಂಡಾಗ ನನಗಾಗುವ ಸಂಕಟವೇ ಅಲ್ಲಿಯೂ ಆಯಿತು.

ಮಧ್ಯಾಹ್ನದ ಊಟ ಪುಕಾಕಿ ಸರೋವರದ ದಂಡೆಯಲ್ಲಿ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣುಪು ಹಿಟ್ಟು ನೀರಿನಲ್ಲಿ ತೇಲುವುದರಿಂದ ಸರೋವರಕ್ಕೆ ಹಾಲು ಬೆರೆಸಿದ ನೀಲಿ ಬಣ್ಣ ಬರುತ್ತದೆ. ಅದರ ಆ ತುದಿಗೆ 3724 ಮೀಟರ್ ಎತ್ತರದ ಆವೊರಾಕಿ, ಅಂದರೆ ಮೌಂಟ್ ಕುಕ್, ಆ ದಿನ ಸೊಂಟದಿಂದ ಮೇಲೆ ಮೋಡದೊಳಗಿತ್ತು. ಮೊಟೆಲಿನ ಒಲೆಯಲ್ಲಿ ಹೆಂಡತಿ ಬೆಳಿಗ್ಗೆ ಮಾಡಿದ್ದ ಚಿತ್ರಾನ್ನ, ಉಳಿದಿದ್ದ ಕೊನೆಯ ಚಟ್ನಿಪುಡಿ ಹಚ್ಚಿದ ಬ್ರೆಡ್ಡು, ಚೆರ್ರಿ. ಈ ಸರೋವರದಲ್ಲಿ ಒಂದು ಪುಟ್ಟ ದ್ವೀಪವಿತ್ತು, ಹಿಂದಿನ ಐದು ಪೌಂಡಿನ ನೋಟಿನ ಮೇಲೆ ಅದರ ಚಿತ್ರವಿದ್ದುದರಿಂದ ಜನ ಅದನ್ನು ನೋಟಿನ ಹೆಸರಿನಿಂದಲೇ ಕರೆಯುತ್ತಿದ್ದರು. ವಿದ್ಯುತ್ತಿಗಾಗಿ ಸರೋವರದ ಮಟ್ಟವನ್ನು ಏರಿಸಿದಾಗ ಅದೂ ಮುಳುಗಿತು. ಮಗಳು ಬಹಳ ಹೊತ್ತು ನೀರನ್ನೇ ನೋಡುತ್ತಾ ಎಲ್ಲಿರಬಹುದೆಂದು ಬೆರಳು ತೋರಿಸಿ ಊಹಿಸುತ್ತಿದ್ದಳು.

ಅಲ್ಲಿಯೇ ಅವಘಡವೂ ಆಯಿತು. ಆ ಪ್ರಾಂತದಲ್ಲಿ ವಾಯವ್ಯದಿಂದ ಬೀಸುವ ಗಾಳಿ ಬೆಟ್ಟ ದಾಟಿ ಇಳಿಯುವಾಗ ಬಿಸಿಯಾಗಿ, ಒಣಗಿ, ಒಮ್ಮೆಲೇ ಜೋರಾಗಿ ನುಗ್ಗುತ್ತದೆ. ಕಾರಿನ ಮುಖವನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು, ಬಾಗಿಲನ್ನು ಎರಡೂ ಕೈಯಿಂದ ಹಿಡಿದೇ ತೆರೆಯಬೇಕು ಎಂದು ತಂಗಿ ಮೊದಲೇ ಎಚ್ಚರಿಸಿದ್ದಳು. ಊಟ ಮುಗಿಸಿ ಪಾತ್ರೆ ಇಡಲು ಒಂದೇ ಕೈಯಲ್ಲಿ ಬಾಗಿಲು ತೆಗೆದ ಕ್ಷಣಕ್ಕೆ ಗಾಳಿ ಅದನ್ನು ಕಸಿದುಕೊಂಡು ಹಿಂದಕ್ಕೆ ಮಡಚಿತು. ಬಿಜಾಗರಿ ಬಾಗಿ, ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ, ಮುಂದಿನ ಮುನ್ನೂರು ಕಿಲೋಮೀಟರ್ ಆ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಲೇ ಬಂತು. ತಂಗಿಯ ಕಾರನ್ನು ಹೀಗೆ ಮಾಡಿ ಒಪ್ಪಿಸಬೇಕಲ್ಲ ಎಂಬ ಕೊರಗಿನಲ್ಲಿ ಟೆಕಾಪೊ ಸರೋವರದ ದಂಡೆಯ 1935ರ ಕಲ್ಲಿನ ಚರ್ಚನ್ನೂ, ಅದರ ಕಿಟಕಿಯಲ್ಲಿ ಕಾಣುವ ಬೆಟ್ಟಗಳನ್ನೂ ನಾನು ಮನಸ್ಸಿಟ್ಟು ನೋಡಲಿಲ್ಲ.

ಫೇರ್ಲಿ, ಜೆರಾಲ್ಡಿನ್ ದಾಟಿ ಕ್ಯಾಂಟರ್ಬರಿ ಬಯಲಿಗೆ ಬಂದಾಗ ರಸ್ತೆ ನೆಟ್ಟಗೆ, ಆಕಾಶ ಅಗಲ. ರಕಾಯಾ ನದಿಯ ಸೇತುವೆ 1939ರದು, ಒಂದೂಮುಕ್ಕಾಲು ಕಿಲೋಮೀಟರ್ ಉದ್ದದ ಅದೇ ಆ ದೇಶದ ಅತ್ಯಂತ ಉದ್ದದ ರಸ್ತೆ ಸೇತುವೆ. ಕೆಳಗೆ ನದಿ ಜಡೆಯ ಎಳೆಗಳಂತೆ ಕವಲೊಡೆದು, ಕೂಡಿ, ಮತ್ತೆ ಕವಲೊಡೆದು ಬೂದು ಜಲ್ಲಿಯ ಮೇಲೆ ಹರಿಯುತ್ತಿತ್ತು. ಮುಗಿಯುವುದೇ ಇಲ್ಲವೇನೋ ಎಂಬಂತಿದ್ದ ಸೇತುವೆಯ ಮೇಲೆ ಮಗಳು, “ನಮ್ಮದು ಇದಕ್ಕಿಂತ ಉದ್ದ ಇದೆ” ಎಂದಳು. ಹೌದು, 2025ರ ಜುಲೈನಲ್ಲಿ ಉದ್ಘಾಟನೆಯಾದ ನಮ್ಮ ಹಿನ್ನೀರಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದವಿದೆ. ಅಲ್ಲಿಯವರೆಗೂ ನನಗೆ ಅದು ಹೊಳೆದಿರಲಿಲ್ಲ.

ತಂಗಿ ಬಾಗಿಲನ್ನು ನೋಡಿ ಏನೂ ಅನ್ನಲಿಲ್ಲ. ಅವಳ ಗಂಡ ಒಂದು ಸ್ಪ್ಯಾನರ್ ತಂದು ಅರ್ಧ ಗಂಟೆ ಒದ್ದಾಡಿ, ಮುಚ್ಚಿಕೊಳ್ಳುವಷ್ಟಕ್ಕೆ ಸರಿಮಾಡಿದರು. ರಾತ್ರಿ ಒಂಬತ್ತು ದಾಟಿದರೂ ಬೆಳಕಿತ್ತು. ಊಟವಾದ ಮೇಲೆ ನಾವು ಏವನ್ ಹೊಳೆಯ ಬದಿಯಲ್ಲಿ, 2011ರ ಫೆಬ್ರವರಿ 22ರ ಭೂಕಂಪದಲ್ಲಿ ತೀರಿಕೊಂಡ 185 ಜನರ ಹೆಸರುಗಳನ್ನು ಕೆತ್ತಿದ ಗೋಡೆಯವರೆಗೂ ನಡೆದು ಬಂದೆವು. ತಂಗಿ ಆ ಊರಿಗೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ಆದರೂ ಈಗ ಅಲ್ಲಿನವರಂತೆಯೇ “ಕಂಪಕ್ಕಿಂತ ಮೊದಲು”, “ಕಂಪದ ಮೇಲೆ” ಎಂದು ಕಾಲವನ್ನು ಎಣಿಸುತ್ತಾಳೆ.

ಎರಡನೆಯ ದಿನ: ಆಕಾಶದಲ್ಲಿ

ವಿಮಾನ ಬೆಳಗಿನ ಹತ್ತರ ಮೇಲೆ ಇತ್ತು. ತಂಗಿ ವಿಮಾನ ನಿಲ್ದಾಣದಲ್ಲಿ ಅಳದೆ ಇರಲು ಬಹಳ ಪ್ರಯತ್ನಪಟ್ಟಳು, ಕೊನೆಗೆ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುವ ನೆಪದಲ್ಲಿ ಮುಖ ಮರೆಸಿಕೊಂಡಳು. ಅದೇ ಗಡಿಬಿಡಿಯಲ್ಲಿ ನನ್ನ ಕೈಚೀಲದಲ್ಲಿದ್ದ ಜೇನಿನ ಬಾಟಲಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದು ಮರೆತುಹೋಯಿತು. ವಿದೇಶಿ ವಿಮಾನಗಳ ಭದ್ರತಾ ತಪಾಸಣೆಯಲ್ಲಿ ಜೇನೂ ದ್ರವವೇ. 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿದ್ದರೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ತಪಾಸಣೆಯ ಹುಡುಗಿ ಬಾಟಲಿಯನ್ನು ಎತ್ತಿ ಹಿಡಿದು, ಕ್ಷಮಿಸಿ ಎಂದಳು. ಪೆಟ್ಟಿಗೆಗಳು ಆಗಲೇ ಒಳಗೆ ಹೋಗಿದ್ದವು, ತಂಗಿಯ ಕೈಗೆ ಮರಳಿ ಕೊಡಲು ಹೊರಗೆ ಹೋಗುವ ದಾರಿ ಇರಲಿಲ್ಲ. ಬೆಳಕಿಗೆ ಹಿಡಿದಾಗ ಅದರ ಬಣ್ಣ ಹೊಸ ಬೆಲ್ಲದ ಪಾಕದಂತೆ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಲೆಗಾಗಿ ನನಗೆ ದುಃಖವಾಗಲಿಲ್ಲ. ಆ ಬಾಟಲಿಯನ್ನು ಅಪ್ಪನ ಮುಂದೆ ಇಟ್ಟು, ಯಾವ ಹೂವಿನದು ಹೇಳಿ ನೋಡೋಣ ಎಂದು ಕೇಳಬೇಕೆಂದು ಕಾರಿನಲ್ಲಿ ಇಡೀ ದಿನ ಅಂದುಕೊಂಡಿದ್ದೆ.

ಸಿಂಗಾಪುರದವರೆಗೆ ಹತ್ತು ಗಂಟೆಗೂ ಮೀರಿದ ಹಾರಾಟ. ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೋಗುವುದರಿಂದ ಹಗಲು ಮುಗಿಯುವುದೇ ಇಲ್ಲ. ಕಿಟಕಿಯ ಪಕ್ಕದ ಆಸನ ಸಿಕ್ಕರೆ ಬಿಡಬಾರದು, ಏಕೆಂದರೆ ಟಾಸ್ಮನ್ ಸಮುದ್ರ ದಾಟಿದ ಮೇಲೆ ಗಂಟೆಗಟ್ಟಲೆ ಕೆಳಗೆ ಆಸ್ಟ್ರೇಲಿಯಾದ ಒಳನಾಡೇ ಇರುತ್ತದೆ. ಒಂದೇ ಒಂದು ರಸ್ತೆ ಗೆರೆ ಎಳೆದಂತೆ ಹೋಗುವ ಕೆಂಪು ನೆಲ, ಉಪ್ಪು ಕಟ್ಟಿ ಬೆಳ್ಳಗಾದ ಬತ್ತಿದ ಕೆರೆಗಳು. ನೀರಿಗಾಗಿ ಊರು ಬಿಟ್ಟವರ ನಾಡಿನಿಂದ ಬಂದ ನಾನು, ನೀರೇ ಇಲ್ಲದ ಆ ನೆಲವನ್ನು ನಿದ್ದೆ ಬಿಟ್ಟು ನೋಡುತ್ತಾ ಕೂತಿದ್ದೆ.

ಸಿಂಗಾಪುರದಲ್ಲಿ ಬೆಂಗಳೂರಿನ ವಿಮಾನದ ದ್ವಾರದ ಬಳಿ ಬಂದೊಡನೆ ಸುತ್ತಲೂ ಕನ್ನಡ ಕೇಳಿಸತೊಡಗಿತು. ಪಕ್ಕದಲ್ಲಿ ಕೂತ ತುಮಕೂರಿನ ಕಡೆಯ ಹಿರಿಯ ದಂಪತಿ ಮೆಲ್ಬರ್ನಿನಲ್ಲಿ ಮಗಳ ಬಾಣಂತನ ಮುಗಿಸಿ ಐದು ತಿಂಗಳ ಮೇಲೆ ಊರಿಗೆ ಹೊರಟಿದ್ದರು. ಆ ಅಜ್ಜಿ ನನ್ನ ಹೆಂಡತಿಯನ್ನು ಮೊದಲು ಕೇಳಿದ ಮಾತೇ, “ಸೊಗಡಿನ ಅವರೆಕಾಯಿ ಬಂದಿರಬಹುದೇನಮ್ಮ?” ಎಂದು. ನಾವು ಊರು ಬಿಟ್ಟು ಮೂರು ವಾರವಾಗಿಲ್ಲ, ನಮಗೂ ಗೊತ್ತಿಲ್ಲವೆಂದಾಗ ಅವರು ಗಂಡನ ಕಡೆ ತಿರುಗಿ, ಚಳಿ ಬಿದ್ದಿದ್ದರೆ ಬಂದೇ ಇರುತ್ತದೆ, ನಾಳೆಯೇ ಹಿತಕಿದಬೇಳೆ ಸಾರು ಮಾಡುತ್ತೇನೆ ಎಂದರು. ಮೊಮ್ಮಗುವಿನ ಚಿತ್ರವನ್ನು ತೋರಿಸಿದ್ದು ಅದಾದ ಮೇಲೆ. ತೋರಿಸಿ, ಫೋನನ್ನು ಸೆರಗಿನಲ್ಲಿ ಒರೆಸಿ ಚೀಲದೊಳಗಿಟ್ಟು, ಮತ್ತೆ ತೆಗೆದು ತಾವೊಬ್ಬರೇ ನೋಡಿಕೊಂಡರು.

ಮೂರನೆಯ ದಿನ: ಬೆಂಗಳೂರು

ಬೆಂಗಳೂರಿಗೆ ಬಂದಿಳಿದದ್ದು ರಾತ್ರಿ ಹತ್ತರ ಹೊತ್ತಿಗೆ. ನ್ಯೂಜಿಲೆಂಡಿನ ಬೇಸಿಗೆಯ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದಿರುವುದರಿಂದ ಮೈಗೆ ಆಗಲೇ ಬೆಳಗಿನ ಜಾವ. ಆ ರಾತ್ರಿಯ ತಾಳಗುಪ್ಪ ರೈಲು ಹಿಡಿಯುವುದು ಸಾಧ್ಯವಿರಲಿಲ್ಲ. ಹೆಂಡತಿಯ ಅಕ್ಕನ ಮನೆಯಲ್ಲಿ ಮಲಗಿ, ಮಾರನೆಯ ದಿನವೆಲ್ಲ ನಿದ್ದೆ ಮತ್ತು ಎಚ್ಚರಗಳ ನಡುವೆ ಕಳೆದು, ರಾತ್ರಿಯ ರೈಲು ಹತ್ತಿದೆವು. ವಿದೇಶದಿಂದ ಬರುವವರು ಅದೇ ರಾತ್ರಿಗೆ ರೈಲು ಕಾದಿರಿಸಿಕೊಳ್ಳದೆ ಒಂದು ದಿನ ಬಿಟ್ಟು ಮಾಡಿಕೊಂಡರೆ ವಿಮಾನ ತಡವಾದರೂ ಎದೆ ಹೊಡೆದುಕೊಳ್ಳುವುದಿಲ್ಲ.

ನಾಲ್ಕನೆಯ ದಿನ: ಹೊಳೆಯ ಆಚೆ

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಇಬ್ಬನಿ ಎಷ್ಟು ದಟ್ಟವಾಗಿತ್ತೆಂದರೆ ರೈಲಿನ ಹಿಂದಿನ ಡಬ್ಬಿ ಕಾಣುತ್ತಿರಲಿಲ್ಲ. ಬಸ್ ನಿಲ್ದಾಣದ ಬಳಿ ಬಿಸಿ ಇಡ್ಲಿ, ಕಾಫಿ. ಮಗಳು ಹದಿನಾರು ದಿನ ತಿಂದದ್ದನ್ನೆಲ್ಲ ಮರೆತವಳಂತೆ ಎರಡು ತಟ್ಟೆ ತಿಂದಳು. ಆವಿನಹಳ್ಳಿ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಅಡಿಕೆ ಬೇಯಿಸುವ ವಾಸನೆ ಒಳಗೆ ಬಂತು. ಚೊಗರಿನ ಆ ಒಗರು ವಾಸನೆ, ಕಟ್ಟಿಗೆಯ ಹೊಗೆ, ಒದ್ದೆ ತರಗೆಲೆ ಎಲ್ಲ ಸೇರಿದ ಗಾಳಿಯನ್ನು ನಾನು ಬಾಯಿ ತೆರೆದೇ ಉಸಿರಾಡಿದೆ. ಅಂಗಳಗಳಲ್ಲಿ ಹರಡಿದ ಅಡಿಕೆಯ ಕೆಂಪು, ದೀಪದ ಕೆಳಗೆ ರಾತ್ರಿಯೆಲ್ಲ ಸುಲಿದು ರಾಶಿ ಹಾಕಿದ ಸಿಪ್ಪೆ.

ಬಸ್ಸು, ಹಿನ್ನೀರು ದಾಟಲು ಲಾಂಚು ಹತ್ತುತ್ತಿದ್ದ ದಡವಾದ ಹೊಳೆಬಾಗಿಲಿಗೆ ಬರುತ್ತಿದ್ದಂತೆ ನನ್ನ ಕೈ ತಾನಾಗಿಯೇ ಗಡಿಯಾರದ ಕಡೆ ಹೋಯಿತು. ಅರವತ್ತು ವರ್ಷ ಹೊಳೆಯಾಚೆಯ ನಮ್ಮ ಜನ ಬದುಕಿದ್ದು ಲಾಂಚಿನ ವೇಳೆಗೆ. ಸಾಗರದಲ್ಲಿ ಮದುವೆ ಊಟಕ್ಕೆ ಕೂತರೂ ಕಣ್ಣು ಗಡಿಯಾರದ ಮೇಲೆ, ಆಸ್ಪತ್ರೆಯಲ್ಲಿ ಹೆಂಗಸು ಹೆರಿಗೆ ನೋವು ತಿನ್ನುತ್ತಿದ್ದರೂ ಮನೆಯವರಿಗೆ ಕೊನೆಯ ಲಾಂಚಿನ ಚಿಂತೆ. ಅದು ತಪ್ಪಿದರೆ ಈಚೆ ದಡದಲ್ಲೇ ರಾತ್ರಿ ಕಳೆಯಬೇಕು, ಇಲ್ಲವೆ ಕೋಗಾರಿನ ಮೇಲೆ ಸುತ್ತಿ ಬರಬೇಕು. ನನ್ನ ಅಜ್ಜ ತೀರಿಕೊಂಡ ರಾತ್ರಿ ನಾನು ಈ ದಡದ ಹೋಟೆಲಿನ ಬೆಂಚಿನ ಮೇಲೆ ಬೆಳಗು ಮಾಡಿ, ಮೊದಲ ಲಾಂಚಿನಲ್ಲಿ ಹೋಗಿ ಮುಖ ನೋಡಿದ್ದೆ. ಈಗ ಬಸ್ಸು ಈ ದಡದ ಅಂಬಾರಗೋಡ್ಲುವಿನಲ್ಲಿ ನಿಲ್ಲಲೇ ಇಲ್ಲ. ವೇಗವನ್ನೂ ತಗ್ಗಿಸದೆ ಸೇತುವೆ ಹತ್ತಿತು. ದೂರದ ದೇಶದಿಂದ ಬರುತ್ತಾ ಈ ನೀರನ್ನು ಕಾಯದೆ ದಾಟಿದ್ದು ನನಗೆ ಅದೇ ಮೊದಲು. ಮಂಜಿನಲ್ಲಿ ಸೇತುವೆಯ ಕೇಬಲ್ಲುಗಳು ಮೇಲೆ ಎಲ್ಲಿಗೆ ಹೋಗುತ್ತವೆಂದು ಕಾಣುತ್ತಿರಲಿಲ್ಲ. ಕೆಳಗೆ ತುಂಬಿದ ಹಿನ್ನೀರು, ಅದರ ಅಂಚಿನಲ್ಲಿ ನೀರಿಳಿಯತೊಡಗಿದ್ದರಿಂದ ಕೆಂಪು ಮಣ್ಣಿನ ತೆಳುವಾದ ಪಟ್ಟಿ. ಸೇತುವೆಯ ನಡುವೆ ಒಬ್ಬ ಮುದುಕಿ ನೀರಿನ ಕಡೆ ತಿರುಗಿ ಕೈಮುಗಿದಳು, ಸಿಗಂದೂರಿನ ಚೌಡೇಶ್ವರಿಗೋ, ಮುಳುಗಿದ ತನ್ನ ಊರಿನ ದೇವರಿಗೋ.

ಮನೆ ಮುಟ್ಟಿದಾಗ ಅಪ್ಪ ಅಡಿಕೆ ಒಣಗಿಸುವ ಅಟ್ಟದ ಮೇಲೆ ಹಾಳೆ ಹಾಸುತ್ತಿದ್ದರು. ಕೊನೆಗಾರರು ಮರುದಿನ ಬರುವವರಿದ್ದರು. ಕೈಕಾಲು ತೊಳೆದು ಬಂದು ಜೇನಿನ ಕಥೆಯನ್ನು ಹೇಳಿದೆ. ಹೋಗಲಿ ಬಿಡು, ತುಡುವೆ ಪೆಟ್ಟಿಗೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ತುಂಬುತ್ತದೆ ಎಂದರು. ಆಮೇಲೆ ಫೋನಿನಲ್ಲಿ ಕ್ರಾಮ್‌ವೆಲ್‌ನ ಚಿತ್ರಗಳನ್ನು ತೋರಿಸುತ್ತಾ, ನಾಯಿಯನ್ನು ಕರೆದುಕೊಂಡು ಬಂದಿದ್ದ ಹಿರಿಯರ ಮಾತನ್ನೂ, ಆಪ್ರಿಕಾಟ್ ತೋಟವನ್ನೂ, ನೀರಿಗೆ ಮುಗಿಯುವ ಬೀದಿಯನ್ನೂ ವಿವರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಒಂದೇ ಚಿತ್ರವನ್ನು ಬಹಳ ಹೊತ್ತು ನೋಡಿದರು, ದಂಡೆಯ ಚಿತ್ರ ಅದು. ಪ್ರತಿ ಬೇಸಿಗೆಯಲ್ಲಿ ನೀರು ತಗ್ಗಿದಾಗ ಅವರು ಹಳೆಯ ಊರಿಗೆ ನಡೆದು ಹೋಗಿ, ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಮಡೆನೂರಿನ ಹಳೆಯ ಅಣೆಕಟ್ಟೂ ಮರದ ಬೊಡ್ಡೆಗಳೂ ಮೇಲೆದ್ದ ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದರು.

“ಅವರಿಗೆ ಬೇಸಿಗೆಯಲ್ಲಿ ಊರು ಕಾಣುತ್ತದಾ?” ಎಂದು ಕೇಳಿದರು.

ಬೇಸಿಗೆಯಲ್ಲಿ ತೆಗೆದ ಚಿತ್ರವೇ ಅದು. ಹುಲ್ಲು ನೀರಿನ ಅಂಚಿನವರೆಗೂ ಹಸಿರಾಗಿಯೇ ಇತ್ತು. ಕ್ಲೈಡ್‌ನಲ್ಲಿ ನದಿ ಬಂದಷ್ಟನ್ನೇ ಹಾಯಿಸಿ ವಿದ್ಯುತ್ ತೆಗೆಯುವುದರಿಂದ ಆ ಸರೋವರದ ಮಟ್ಟ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ.

“ಇಲ್ಲ, ಅಲ್ಲಿ ನೀರು ಇಳಿಯುವುದಿಲ್ಲ” ಎಂದೆ.

ಅಪ್ಪ ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟು, ಕಂಬಕ್ಕೆ ಒರಗಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಉಳಿದ ಹಾಳೆಗಳನ್ನು ಹಾಸಲು ಅಟ್ಟ ಹತ್ತಿದರು. ನಾನೂ ಹಿಂದೆಯೇ ಹೋದೆ.